72 ಬೈಟಿನ ಗೆರೆ: ಪಾಸ್‌ಲಿಬ್ 1.7.4 ಮತ್ತು ಬಿಕ್ರಿಪ್ಟ್ 5.0ರ ನಡುವೆ ಮುರಿದ ಲಾಗಿನ್

ಕೋಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಕಂಟೇನರ್ ಇಮೇಜನ್ನು (ಸೇವೆ ಮತ್ತು ಅದಕ್ಕೆ ಬೇಕಾದ ಲೈಬ್ರರಿಗಳ ಕಟ್ಟು) ಇನ್ನೊಮ್ಮೆ ಬಿಲ್ಡ್ ಮಾಡಿದ್ದಾರೆ, ಅಷ್ಟೇ. ಸರ್ವರ್ ಸರಿಯಾಗಿಯೇ ಏಳುತ್ತದೆ, ಹೆಲ್ತ್ ಚೆಕ್ ಹಸಿರು ತೋರಿಸುತ್ತದೆ. ಮೊದಲ ಬಳಕೆದಾರ ಲಾಗಿನ್ ಒತ್ತಿದ ಕೂಡಲೇ 500 ಎರರ್, ಅಂದರೆ ಸರ್ವರಿನೊಳಗೇ ಏನೋ ಕೆಟ್ಟಿದೆ ಎಂಬ ಉತ್ತರ. ಲಾಗ್ ತೆಗೆದು ನೋಡಿದರೆ ‘ಪಾಸ್‌ವರ್ಡ್ 72 ಬೈಟಿಗಿಂತ ಉದ್ದ ಇರುವಂತಿಲ್ಲ, ಬೇಕಿದ್ದರೆ ನೀವೇ ಕತ್ತರಿಸಿಕೊಡಿ’ ಎಂಬ ಅರ್ಥದ ಒಂದು ವ್ಯಾಲ್ಯೂಎರರ್ (ಕೊಟ್ಟ ಮೌಲ್ಯ ಒಪ್ಪದಾಗ ಪೈಥಾನ್ ಎಬ್ಬಿಸುವ ಎರರ್). ಆ ಬಳಕೆದಾರನ ಪಾಸ್‌ವರ್ಡ್ ಇರುವುದು ಎಂಟೇ ಅಕ್ಷರ.

ಪಾಸ್‌ವರ್ಡನ್ನು ಹ್ಯಾಶ್, ಅಂದರೆ ಹಿಂದಿರುಗಿಸಲಾಗದ ಗುರುತು, ಮಾಡುವ ಪೈಥಾನ್ ಪ್ಯಾಕೇಜ್ ಬಿಕ್ರಿಪ್ಟ್‌ನ 5.0.0 ಹೊರಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಅದನ್ನು ಪಾಸ್‌ಲಿಬ್ ಎಂಬ ಲೈಬ್ರರಿಯ ಮೂಲಕ ಬಳಸುತ್ತಿದ್ದ, ಆವೃತ್ತಿ ಲಾಕ್ ಮಾಡಿಕೊಳ್ಳದ ಸೇವೆಗಳೆಲ್ಲ ಆಮೇಲೆ ಮುಗ್ಗರಿಸಿದ್ದು ಹೀಗೆಯೇ. ಎರರ್ ಬೊಟ್ಟು ಮಾಡುವುದು ಪಾಸ್‌ವರ್ಡ್ ಕಡೆಗೆ. ಕಾರಣ ಅಲ್ಲಿಲ್ಲ. ಈ ತಪ್ಪು ಬೊಟ್ಟನ್ನು ನಂಬಿ ಮಾಡಿದ ರಿಪೇರಿಗಳು ಮೂಲ ತೊಂದರೆಗಿಂತ ಹೆಚ್ಚು ಹಾನಿ ಮಾಡುತ್ತವೆ. ಆದ್ದರಿಂದ ಈ ಪ್ರಕರಣವನ್ನು ಬುಡದಿಂದ ಬಿಡಿಸಿ ನೋಡುವುದು ಒಳ್ಳೆಯದು.

ನಿಂತಲ್ಲೇ ನಿಂತ ಲೈಬ್ರರಿ

ಪಾಸ್‌ಲಿಬ್ ಪಾಸ್‌ವರ್ಡ್ ಹ್ಯಾಶ್ ಮಾಡುವ ಪೈಥಾನ್ ಲೈಬ್ರರಿ. ಮೂವತ್ತಕ್ಕೂ ಹೆಚ್ಚು ಬಗೆಯ ಹ್ಯಾಶ್‌ಗಳನ್ನು ಒಂದೇ ಹಿಡಿಕೆಯಲ್ಲಿ ಕೊಡುತ್ತದೆ. ಹಳೆಯ ಹ್ಯಾಶ್ ಕಂಡರೆ ಗುರುತು ಹಿಡಿದು, ಬಳಕೆದಾರ ಲಾಗಿನ್ ಆದ ಹೊತ್ತಿನಲ್ಲೇ ಹೊಸದಕ್ಕೆ ಬದಲಿಸುವ ಸೌಲಭ್ಯ ಅದರ ದೊಡ್ಡ ಬಲ. ಫಾಸ್ಟ್‌ಎಪಿಐ ಎಂಬ ಪೈಥಾನ್ ವೆಬ್ ಚೌಕಟ್ಟಿನ ಅಧಿಕೃತ ಪಾಠದಲ್ಲೇ ಬಹುಕಾಲ ಪಾಸ್‌ಲಿಬ್ ಇದ್ದದ್ದರಿಂದ ಹೊಸಬರು ಬರೆದ ಸಾವಿರಾರು ಪ್ರಾಜೆಕ್ಟುಗಳಿಗೆ ಅದು ತಾನಾಗಿಯೇ ಹೊಕ್ಕಿತು. ಅದರ ಕೊನೆಯ ಬಿಡುಗಡೆ 1.7.4, 2020ರ ಅಕ್ಟೋಬರ್‌ನದು. ಅದೇ ವರ್ಷ ಕೋಡ್ ಇಡುವ ತಾಣ ಬಿಟ್‌ಬಕೆಟ್, ಮರ್ಕ್ಯುರಿಯಲ್ ಎಂಬ ಆವೃತ್ತಿ ನಿರ್ವಹಣೆಯ ಸಾಧನಕ್ಕೆ ಬೆಂಬಲ ನಿಲ್ಲಿಸಿದ್ದರಿಂದ ಪಾಸ್‌ಲಿಬ್‌ನ ಮೂಲ ಕೋಡ್ ಹೆಪ್ಟಾಪಾಡ್ ಎಂಬ ಇನ್ನೊಂದು ತಾಣದಲ್ಲಿ ನೆಲೆಸಿತು.

ಬಿಕ್ರಿಪ್ಟ್ ಹ್ಯಾಶ್‌ನ ನಿಜವಾದ ಲೆಕ್ಕವನ್ನು ಪಾಸ್‌ಲಿಬ್ ಸಾಮಾನ್ಯವಾಗಿ ತಾನು ಮಾಡುವುದಿಲ್ಲ. ‘ಬಿಕ್ರಿಪ್ಟ್’ ಎಂಬ ಹೆಸರಿನದೇ ಬೇರೆ ಪ್ಯಾಕೇಜನ್ನು ಕರೆಯುತ್ತದೆ. ಅದನ್ನು ನೋಡಿಕೊಳ್ಳುವವರು ಪೈಥಾನ್ ಕ್ರಿಪ್ಟೊಗ್ರಾಫಿಕ್ ಅಥಾರಿಟಿ ಎಂಬ ಗುಂಪು. ಪಾಸ್‌ಲಿಬ್ ಈ ಪ್ಯಾಕೇಜಿಗೆ ಹಾಕಿರುವ ಷರತ್ತು ಒಂದೇ: 3.1.0 ಅಥವಾ ಅದಕ್ಕಿಂತ ಹೊಸದಿರಬೇಕು. ಮೇಲಿನ ಮಿತಿ ಇಲ್ಲ. 2020ರಲ್ಲಿ ಬರೆದ ಸಾಲು 2025ರ ಆವೃತ್ತಿಯನ್ನೂ ಬಾ ಎಂದು ಒಳಗೆ ಕರೆಯುತ್ತದೆ.

ಅತ್ತ ಬಿಕ್ರಿಪ್ಟ್ ನಡೆಯುತ್ತಲೇ ಇತ್ತು. 2022ರ 4.0ರಲ್ಲಿ ಒಳಗಿನ ಸಿ ಭಾಷೆಯ ಕೋಡ್ ಹೋಗಿ ರಸ್ಟ್ ಭಾಷೆಯ ಕೋಡ್ ಬಂತು. 2023ರ ಕೊನೆಯಲ್ಲಿ ಬಂದ 4.1ರಲ್ಲಿ ‘ಅಬೌಟ್’ ಎಂಬ ಒಳ ಮಾಡ್ಯೂಲನ್ನು ತೆಗೆದುಹಾಕಿದರು. ಮೊದಲ ಬಿರುಕು ಕಂಡದ್ದು ಇಲ್ಲಿ. ಪಾಸ್‌ಲಿಬ್ ಬ್ಯಾಕೆಂಡ್ (ನಿಜವಾದ ಲೆಕ್ಕ ಮಾಡುವ ಪ್ಯಾಕೇಜ್) ಲೋಡ್ ಮಾಡುವಾಗ ಆವೃತ್ತಿ ಸಂಖ್ಯೆಯನ್ನು ಓದುತ್ತಿದ್ದದ್ದು ಅದೇ ಮಾಡ್ಯೂಲಿನಿಂದ. ಓದುವ ಸಾಲು ಎರರ್ ಬಂದರೆ ಹಿಡಿದುಕೊಳ್ಳುವ ಒಂದು ಟ್ರೈ ಬ್ಲಾಕಿನೊಳಗಿದೆ. ಸಿಗದಿದ್ದರೆ ಲಾಗಿಗೆ ಒಂದು ಎಚ್ಚರಿಕೆ ಬರೆದು, ಆವೃತ್ತಿ ಗೊತ್ತಿಲ್ಲ ಎಂದು ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ. ಲಾಗಿನಲ್ಲಿ ಉದ್ದನೆಯ ಟ್ರೇಸ್‌ಬ್ಯಾಕ್ (ಎರರ್ ಬಂದ ದಾರಿಯ ವಿವರ) ಕಾಣುತ್ತದೆ, ಆದರೆ ಏನೂ ಕೆಟ್ಟಿರುವುದಿಲ್ಲ. ಆ ಸಾಲಿನ ಮೊದಲಿಗೆ ‘ಟ್ರ್ಯಾಪ್ಡ್’ ಎಂದೇ ಬರೆದಿರುತ್ತದೆ: ಹಿಡಿದಾಗಿದೆ, ಗಾಬರಿ ಬೇಡ ಎಂದು ಅರ್ಥ.

ಅನೇಕರು ಇದನ್ನು ಮುಚ್ಚಿದ್ದು ಎರಡು ರೀತಿಯಲ್ಲಿ. ಕೆಲವರು ಬಿಕ್ರಿಪ್ಟನ್ನು 4.0.1ಕ್ಕೆ ಕಟ್ಟಿಹಾಕಿದರು. ಇನ್ನು ಕೆಲವರು ‘ಅಬೌಟ್’ ಹೆಸರಿನ ಒಂದು ಹುಸಿ ವಸ್ತುವನ್ನು ಬಿಕ್ರಿಪ್ಟ್ ಮಾಡ್ಯೂಲಿಗೆ ಅಂಟಿಸಿ, ಅದರೊಳಗೆ ಆವೃತ್ತಿ ಸಂಖ್ಯೆ ತುಂಬಿದರು. ಮೊದಲಿನವರು 2025ರಲ್ಲಿ ಬಚಾವಾದರು. ಎರಡನೆಯವರು ಎಚ್ಚರಿಕೆಯ ಗಂಟೆಯನ್ನು ಮಾತ್ರ ಬಿಚ್ಚಿಟ್ಟಿದ್ದರು. ಮುಂದಿನ ದೊಡ್ಡ ಬದಲಾವಣೆ ಬಂದಾಗ ಅವರಿಗೆ ಮುನ್ಸೂಚನೆಯೇ ಇರಲಿಲ್ಲ. ಲೈಬ್ರರಿ ನೋಡಿಕೊಳ್ಳುವವರ ಕಣ್ಣಿನಿಂದ ನೋಡಿದರೆ ಆ ಟ್ರೇಸ್‌ಬ್ಯಾಕ್ ಹೇಳುತ್ತಿದ್ದ ವಿಷಯ ಬೇರೆಯೇ. ಈ ಎರಡು ಪ್ಯಾಕೇಜುಗಳ ನಡುವೆ ಮಾತು ನಿಂತಿದೆ, ಇನ್ನು ಯಾವ ಬದಲಾವಣೆಗೂ ಈ ಕಡೆಯಿಂದ ಹೊಂದಾಣಿಕೆ ಬರುವುದಿಲ್ಲ ಎಂದು ಅದು ಎರಡು ವರ್ಷ ಮೊದಲೇ ಕೂಗಿ ಹೇಳುತ್ತಿತ್ತು.

255 ಬೈಟಿನ ಸ್ವಯಂಪರೀಕ್ಷೆ

ಪಾಸ್‌ಲಿಬ್ ತನ್ನ ಬ್ಯಾಕೆಂಡನ್ನು ಇಂಪೋರ್ಟ್ ಹೊತ್ತಿನಲ್ಲಿ ಮುಟ್ಟುವುದಿಲ್ಲ. ಮೊದಲ ಹ್ಯಾಶ್ ಅಥವಾ ಮೊದಲ ವೆರಿಫೈ (ಪಾಸ್‌ವರ್ಡನ್ನು ಉಳಿಸಿಟ್ಟ ಹ್ಯಾಶ್ ಜೊತೆ ಹೋಲಿಸುವುದು) ಬಂದಾಗಲೇ ಲೋಡ್ ಮಾಡುತ್ತದೆ. ಸರ್ವರ್ ಏಳುವಾಗ ತೊಂದರೆ ಕಾಣದಿರುವುದು ಇದರಿಂದಲೇ. ಲೋಡ್ ಆದ ಮೇಲೆ, ಈ ಬ್ಯಾಕೆಂಡ್ ನಂಬಿಕೆಗೆ ಅರ್ಹವೋ ಎಂದು ಅದು ಕೆಲವು ಪರೀಕ್ಷೆ ನಡೆಸುತ್ತದೆ. ಬಿಕ್ರಿಪ್ಟ್‌ನ ಇತಿಹಾಸ ನೋಡಿದರೆ ಆ ಅನುಮಾನ ನ್ಯಾಯವಾದದ್ದೇ. 2011ರಲ್ಲಿ ಕ್ರಿಪ್ಟ್‌ಬ್ಲೋಫಿಶ್ ಎಂಬ ಅಳವಡಿಕೆಯಲ್ಲಿ ಎಂಟನೇ ಬಿಟ್ ಇರುವ ಅಕ್ಷರಗಳನ್ನು ತಪ್ಪಾಗಿ ಹ್ಯಾಶ್ ಮಾಡುವ ದೋಷ ಸಿಕ್ಕಿತು. ಕನ್ನಡದಂಥ ಲಿಪಿಗಳ ಪ್ರತಿ ಬೈಟೂ ಆ ಗುಂಪಿಗೆ ಸೇರುತ್ತದೆ. 2014ರಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮಿನಲ್ಲಿ ಇನ್ನೊಂದು ಸಿಕ್ಕಿತು. ಪಾಸ್‌ವರ್ಡಿನ ಉದ್ದವನ್ನು ಒಂದೇ ಬೈಟಿನಲ್ಲಿ ಇಡುತ್ತಿದ್ದರು. 255 ಬೈಟಿನ ಪಾಸ್‌ವರ್ಡಿಗೆ ಕೊನೆಯ ಸೊನ್ನೆ ಬೈಟ್ ಸೇರಿದರೆ 256, ಅಂದರೆ ಆ ಲೆಕ್ಕದಲ್ಲಿ ಸೊನ್ನೆ. ಇದನ್ನು ಸರಿಪಡಿಸಿದ ಗುರುತಾಗಿ ಹ್ಯಾಶ್‌ನ ಮುಂಗುರುತು 2ಎ ಇದ್ದದ್ದು 2ಬಿ ಆಯಿತು.

ಪಾಸ್‌ಲಿಬ್ ಈ ಎರಡನೇ ದೋಷವನ್ನು ಹಿಡಿಯುವುದು ಹೀಗೆ: 0123456789 ಎಂಬುದನ್ನು 26 ಸಲ ಜೋಡಿಸುತ್ತದೆ, ಮೊದಲ 255 ಬೈಟನ್ನು ಉಳಿಸಿಕೊಳ್ಳುತ್ತದೆ, ಅದನ್ನು ವೆಚ್ಚ (ಲೆಕ್ಕ ಎಷ್ಟು ಸಲ ಸುತ್ತಬೇಕು ಎಂಬ ಅಳತೆ) 4ರಲ್ಲಿ ತಯಾರಿಸಿಟ್ಟ ಎರಡು ಹ್ಯಾಶ್‌ಗಳ ಜೊತೆ ಹೋಲಿಸುತ್ತದೆ. ಒಂದು ದೋಷವಿರುವ ಕೋಡ್ ಕೊಡುವ ಉತ್ತರ, ಇನ್ನೊಂದು ಸರಿಯಾದ ಉತ್ತರ. ಮೊದಲನೆಯದಕ್ಕೆ ಹೊಂದಿದರೆ ಬ್ಯಾಕೆಂಡ್ ಹಳೆಯ ರೋಗದ್ದು ಎಂದು ಗೊತ್ತಾಗುತ್ತದೆ.

ಈ ಪರೀಕ್ಷೆಯ ತಳಪಾಯ ಒಂದು ಮೌನ. 72 ಬೈಟ್ ದಾಟಿದ್ದನ್ನು ಬಿಕ್ರಿಪ್ಟ್ ಸದ್ದಿಲ್ಲದೆ ಕತ್ತರಿಸುತ್ತದೆ, ಬೇಡ ಎನ್ನುವುದಿಲ್ಲ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. 5.0.0 ಆ ಮೌನವನ್ನೇ ಮುರಿಯಿತು. 72 ಬೈಟ್ ಮೀರಿದ ಪಾಸ್‌ವರ್ಡ್ ಕೊಟ್ಟರೆ ಇನ್ನು ಮುಂದೆ ವ್ಯಾಲ್ಯೂಎರರ್. ಪಾಸ್‌ಲಿಬ್ ಬ್ಯಾಕೆಂಡ್ ಹುಡುಕುವಾಗ ಹಿಡಿದುಕೊಳ್ಳುವುದು ‘ಬ್ಯಾಕೆಂಡ್ ಇಲ್ಲ’ ಎಂಬ ಎರರನ್ನು ಮಾತ್ರ. ವ್ಯಾಲ್ಯೂಎರರ್ ಯಾವ ತಡೆಯೂ ಇಲ್ಲದೆ ನೇರ ಮೇಲಕ್ಕೆ ಬಂದು ಅಪ್ಲಿಕೇಶನ್ ಕೈಗೆ ಬೀಳುತ್ತದೆ. ಬ್ಯಾಕೆಂಡ್ ನೆಲೆಗೊಂಡಿಲ್ಲವಾದ್ದರಿಂದ ಮುಂದಿನ ಲಾಗಿನ್‌ಗೂ ಅದೇ ಪರೀಕ್ಷೆ, ಅದೇ ಬೀಳು. ಬಳಕೆದಾರನ ಪಾಸ್‌ವರ್ಡ್ ಹ್ಯಾಶ್ ಆಗುವ ಹಂತಕ್ಕೇ ಬಂದಿರುವುದಿಲ್ಲ. ಉದ್ದ ಜಾಸ್ತಿ ಎಂದು ದೂರು ಬಂದದ್ದು ಲೈಬ್ರರಿಯ ಸ್ವಂತ 255 ಬೈಟಿನ ಪರೀಕ್ಷಾ ಪಾಸ್‌ವರ್ಡಿನ ಬಗ್ಗೆ.

ಇದಕ್ಕಿಂತ ಕೆಟ್ಟದ್ದೊಂದಿದೆ. ಪಾಸ್‌ಲಿಬ್‌ಗೆ ಪರಿಚಯವಿಲ್ಲದ ಹ್ಯಾಶ್ ಕೊಟ್ಟರೆ ಬರುವ ಎರರ್ ಕೂಡ ವ್ಯಾಲ್ಯೂಎರರ್ ವಂಶದ್ದೇ. ಹಾಗಾಗಿ ವೆರಿಫೈ ಸುತ್ತ ವ್ಯಾಲ್ಯೂಎರರ್ ಹಿಡಿದು ‘ತಪ್ಪು ಪಾಸ್‌ವರ್ಡ್’ ಎಂದು ಉತ್ತರಿಸುವ ಕೋಡ್ ತುಂಬಾ ಕಡೆ ಇದೆ. ಅಂಥ ಸೇವೆಯಲ್ಲಿ 500 ಕೂಡ ಕಾಣುವುದಿಲ್ಲ. ಎಲ್ಲ ಬಳಕೆದಾರರಿಗೂ ನಿಮ್ಮ ಪಾಸ್‌ವರ್ಡ್ ತಪ್ಪು ಎಂಬ ಉತ್ತರ. ಜನ ಮೂರ್ನಾಲ್ಕು ಸಲ ಪ್ರಯತ್ನಿಸುತ್ತಾರೆ, ಖಾತೆಗಳು ಲಾಕ್ ಆಗುತ್ತವೆ, ಪಾಸ್‌ವರ್ಡ್ ಬದಲಿಸಲು ಹೋದರೆ ಅಲ್ಲಿ ಹ್ಯಾಶ್ ಮಾಡುವಾಗಲೂ ಬೀಳುತ್ತದೆ. ಮಾನಿಟರಿಂಗ್ ಪರದೆಯಲ್ಲಿ ಎಲ್ಲವೂ ನೆಮ್ಮದಿಯಾಗಿರುತ್ತದೆ.

ಇಷ್ಟಾದರೂ ಬಿಕ್ರಿಪ್ಟ್ ತಂಡ ಮಾಡಿದ್ದು ಸರಿ ಎಂದೇ ನಮ್ಮ ಅಭಿಪ್ರಾಯ. 72ರ ಮಿತಿ 1999ರಲ್ಲಿ ನೀಲ್ಸ್ ಪ್ರೊವೋಸ್ ಮತ್ತು ಡೇವಿಡ್ ಮಾಜಿಯೆರ್ ಬಿಕ್ರಿಪ್ಟನ್ನು ರೂಪಿಸಿದಾಗಿನಿಂದ ಇರುವಂಥದ್ದು. ಬಿಕ್ರಿಪ್ಟ್‌ನ ಬುಡದಲ್ಲಿರುವ ಬ್ಲೋಫಿಶ್ ಗೂಢಲಿಪಿಯಲ್ಲಿ 32 ಬಿಟ್ಟಿನ 18 ಉಪಕೀಲಿಗಳಿವೆ, ಒಟ್ಟು 72 ಬೈಟ್. ಅದಕ್ಕಿಂತ ಹೆಚ್ಚಿನದಕ್ಕೆ ಅಲ್ಲಿ ಜಾಗವೇ ಇಲ್ಲ. ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಕಂಪನಿಗಳಿಗೆ ಲಾಗಿನ್ ಸೇವೆ ಒದಗಿಸುವ ಆಕ್ಟಾ ಸಂಸ್ಥೆ 2024ರ ಅಕ್ಟೋಬರ್ 30ರಂದು ತಾನೇ ಪ್ರಕಟಿಸಿದ ಸೂಚನೆ ಸಾಕ್ಷಿ. ಅಲ್ಲಿ ಬಳಕೆದಾರ ಐಡಿ, ಬಳಕೆದಾರ ಹೆಸರು, ಪಾಸ್‌ವರ್ಡ್ ಮೂರನ್ನೂ ಸೇರಿಸಿ ಬಿಕ್ರಿಪ್ಟ್‌ನಿಂದ ಕ್ಯಾಷ್ (ಹಿಂದಿನ ಲಾಗಿನ್‌ಗಳ ತಾತ್ಕಾಲಿಕ ಸಂಗ್ರಹ) ಕೀಲಿ ಮಾಡುತ್ತಿದ್ದರು. ಬಳಕೆದಾರ ಹೆಸರು 52 ಅಕ್ಷರ ಅಥವಾ ಅದಕ್ಕಿಂತ ಉದ್ದವಿದ್ದು, ಹಿಂದಿನ ಲಾಗಿನ್ ಕ್ಯಾಷ್‌ನಲ್ಲಿ ಉಳಿದಿದ್ದರೆ, ಕೆಲವು ಸಂದರ್ಭಗಳಲ್ಲಿ ಹೆಸರೊಂದರಿಂದಲೇ ಒಳಹೋಗಬಹುದಾಗಿತ್ತು. ಪಾಸ್‌ವರ್ಡ್ 72ರ ಗೆರೆಯ ಆಚೆ ಬಿದ್ದಿತ್ತು.

ಕನ್ನಡದಲ್ಲಿ ಟೈಪ್ ಮಾಡಿದ ಪಾಸ್‌ವರ್ಡ್

72 ಬೈಟ್ ಎಂದರೆ ಇಂಗ್ಲಿಷಿನಲ್ಲಿ 72 ಅಕ್ಷರ. ಅಷ್ಟು ಉದ್ದ ಯಾರು ಬರೆಯುತ್ತಾರೆ ಎಂದು ಬಹಳ ಮಂದಿ ಈ ಮಿತಿಯನ್ನು ತಳ್ಳಿಹಾಕುತ್ತಾರೆ. ಆದರೆ ಯುನಿಕೋಡ್ ಬರಹವನ್ನು ಬೈಟಾಗಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ (ಯುನಿಕೋಡಿನ ಒಂದು ಸಂಕೇತ) ಮೂರು ಬೈಟ್ ಬೇಕು. ಗುಣಿತದ ಚಿಹ್ನೆಗೂ ಮೂರು, ಅನುಸ್ವಾರಕ್ಕೂ ಮೂರು, ಒತ್ತಕ್ಷರ ಕೂಡಿಸುವ ಹಲಂತಕ್ಕೂ ಮೂರು. ‘ಬೆಂಗಳೂರು’ ಎಂಬ ಒಂದು ಪದವೇ 24 ಬೈಟ್. ‘ಕ್ಷ’ 9 ಬೈಟ್.

ನೆನಪಿಟ್ಟುಕೊಳ್ಳಲು ಸುಲಭವೆಂದು ಯಾರೋ ಈ ವಾಕ್ಯವನ್ನು ಪಾಸ್‌ವರ್ಡ್ ಮಾಡಿಕೊಂಡರು ಎನ್ನೋಣ: ಮಳೆ ಬಂತು ಕೆರೆ ತುಂಬಿತು ಹಕ್ಕಿ ಹಾರಿತು. ಓದುವ ಕಣ್ಣಿಗೆ 14 ಅಕ್ಷರ, 5 ಜಾಗ. ಪೈಥಾನ್ ಎಣಿಸಿದರೆ 34 ಕೋಡ್‌ಪಾಯಿಂಟ್. ಬೈಟಿನಲ್ಲಿ 92. ಮಳೆ 9, ಬಂತು 12, ಕೆರೆ 12, ತುಂಬಿತು 21, ನಡುವಿನ ಜಾಗಗಳು ಒಂದೊಂದು. ‘ಹಕ್ಕಿ’ಯ ಮೊದಲಿಗೆ 58 ಆಗಿರುತ್ತದೆ, ‘ಹಕ್ಕಿ’ ಮುಗಿದಾಗ 73. ಗೆರೆ ಬೀಳುವುದು ಹಕ್ಕಿಯ ಕೊನೆಯ ಗುಡಿಸಿನ ಮೇಲೆ: ಅದರ ಮೂರು ಬೈಟಿನಲ್ಲಿ ಎರಡು ಒಳಗೆ, ಒಂದು ಹೊರಗೆ. ‘ಹಾರಿತು’ ಲೆಕ್ಕಕ್ಕೇ ಇಲ್ಲ. ಗುಡಿಸು (ಇಕಾರದ ಚಿಹ್ನೆ) ಮತ್ತು ಇಳಿ (ಆಕಾರದ ಚಿಹ್ನೆ) ಯುನಿಕೋಡಿನಲ್ಲಿ ಅಕ್ಕಪಕ್ಕದ ಮನೆಯವರು, ಅವುಗಳ ಮೊದಲ ಎರಡು ಬೈಟ್ ಒಂದೇ. ಆದ್ದರಿಂದ ಹಳೆಯ ಬಿಕ್ರಿಪ್ಟ್‌ಗೆ ‘ಹಕ್ಕಿ ಹಾರಿತು’ ಎಂದರೂ ಒಂದೇ, ‘ಹಕ್ಕಾ’ ಎಂದು ಬರೆದು ಮುಂದೆ ಏನು ಗೀಚಿದರೂ ಒಂದೇ. ಎಲ್ಲದಕ್ಕೂ ಬಾಗಿಲು ತೆರೆಯುತ್ತದೆ.

ಎರರ್ ಸಂದೇಶದ ಮಾತು ಕೇಳಿ ಪಾಸ್‌ವರ್ಡನ್ನು 72ಕ್ಕೆ ಕತ್ತರಿಸುವ ರಿಪೇರಿ ಕೆಟ್ಟು ಹೋಗುವುದು ಇಲ್ಲೇ. ಮೊದಲನೆಯದಾಗಿ, ಪಾಸ್‌ಲಿಬ್ ಬಳಸುವವರಿಗೆ ಅದರಿಂದ ಏನೂ ಆಗುವುದಿಲ್ಲ, ಯಾಕೆಂದರೆ ಬಿದ್ದದ್ದು ಸ್ವಯಂಪರೀಕ್ಷೆ. ಎರಡನೆಯದಾಗಿ, ಪೈಥಾನಿನಲ್ಲಿ ಸ್ಟ್ರಿಂಗನ್ನು 72ಕ್ಕೆ ತುಂಡರಿಸಿದರೆ ಸಿಗುವುದು 72 ಕೋಡ್‌ಪಾಯಿಂಟ್, ಬೈಟ್ ಅಲ್ಲ. ಮೇಲಿನ ವಾಕ್ಯ 34ರದು, ಕತ್ತರಿ ಮುಟ್ಟುವುದೇ ಇಲ್ಲ, 92 ಬೈಟೂ ಹಾಗೇ ದಾಟಿ ಹೋಗಿ ಬಿಕ್ರಿಪ್ಟ್ 5ರಲ್ಲಿ ಎರರ್ ಎಬ್ಬಿಸುತ್ತದೆ. ಇಂಗ್ಲಿಷ್ ಪಾಸ್‌ವರ್ಡಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಇದು ಕಾಣುವುದಿಲ್ಲ. ಮೂರನೆಯದಾಗಿ, ಬೈಟ್ ಮಾಡಿ ಕತ್ತರಿಸಿ ಮತ್ತೆ ಸ್ಟ್ರಿಂಗ್ ಮಾಡಲು ಹೋದರೆ ಅರ್ಧ ಕತ್ತರಿಸಿದ ಗುಡಿಸು ಡೀಕೋಡ್ ಆಗದೆ ಇನ್ನೊಂದು ಎರರ್. ಕತ್ತರಿಸಬೇಕಾದಲ್ಲಿ ಎನ್‌ಕೋಡ್ ಮಾಡಿ, ಬೈಟಿನಲ್ಲೇ ಕತ್ತರಿಸಿ, ಬೈಟಾಗಿಯೇ ಬಿಕ್ರಿಪ್ಟ್‌ಗೆ ಕೊಡಬೇಕು.

ಕನ್ನಡದ ವಿಷಯ ಬಂದಾಗ ಇನ್ನೊಂದನ್ನೂ ಹೇಳಬೇಕು. ‘ಕೋ’ದಲ್ಲಿನ ಓಕಾರವನ್ನು ಒಂದೇ ಕೋಡ್‌ಪಾಯಿಂಟ್ ಆಗಿ ಬರೆಯಬಹುದು, ಬಿಡಿಸಿ ಮೂರಾಗಿಯೂ ಬರೆಯಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣದು, ಬೈಟಿನಲ್ಲಿ 3 ಮತ್ತು 9. ಒಂದು ಕೀಬೋರ್ಡಿನಲ್ಲಿ ಹೊಂದಿಸಿದ ಪಾಸ್‌ವರ್ಡ್ ಇನ್ನೊಂದರಲ್ಲಿ ಒಪ್ಪದೇ ಹೋಗಲು ಇಷ್ಟು ಸಾಕು. ಹ್ಯಾಶ್ ಮಾಡುವ ಮೊದಲು ಎನ್‌ಎಫ್‌ಸಿ ರೂಪಕ್ಕೆ (ಬಿಡಿಸಿದ್ದನ್ನು ಕೂಡಿಸಿ ಬರೆಯುವ ಯುನಿಕೋಡ್ ರೂಪ) ತರುವುದು ಪರಿಹಾರ. ಆದರೆ ಹಳೆಯ ಹ್ಯಾಶ್‌ಗಳು ಹಾಗೆ ಆಗಿಲ್ಲದಿರಬಹುದಾದ್ದರಿಂದ ಅವುಗಳಿಗೆ ಬಂದ ರೂಪದಲ್ಲೇ ಒಮ್ಮೆ, ಎನ್‌ಎಫ್‌ಸಿಯಲ್ಲಿ ಇನ್ನೊಮ್ಮೆ ಪ್ರಯತ್ನಿಸಬೇಕು.

ಪ್ಯಾಚ್ ಎಲ್ಲಿ ಕೂರಬೇಕು

ಲೈಬ್ರರಿಯ ಒಳಗೆ ಇದನ್ನು ಸರಿಪಡಿಸಲು ಮೂರು ದಾರಿಗಳಿವೆ. ಒಂದು, ಬಿಕ್ರಿಪ್ಟ್ 5 ಅಥವಾ ಮೇಲಿನದಿದ್ದರೆ ಸ್ವಯಂಪರೀಕ್ಷೆ ಬಿಟ್ಟುಬಿಡುವುದು. ಎರಡು, ಪರೀಕ್ಷೆಯಲ್ಲಿ ಬಂದ ವ್ಯಾಲ್ಯೂಎರರನ್ನು ಹಿಡಿದು ‘ದೋಷವಿಲ್ಲ’ ಎಂದುಕೊಳ್ಳುವುದು. ಮೂರು, ಬಿಕ್ರಿಪ್ಟನ್ನು ಕರೆಯುವ ಜಾಗದಲ್ಲೇ ಬೈಟ್‌ಗಳನ್ನು 72ಕ್ಕೆ ಕತ್ತರಿಸಿ ಕೊಡುವುದು.

ಮೊದಲ ಎರಡನ್ನು ಹಾಕಿದ ಕೂಡಲೇ ಲಾಗಿನ್ ಮರಳುತ್ತದೆ, ಟೆಸ್ಟ್‌ಗಳು ಹಸಿರಾಗುತ್ತವೆ. ಆದರೆ ಮುರಿದದ್ದು ಪರೀಕ್ಷೆ ಮಾತ್ರವಲ್ಲ. ಪಾಸ್‌ಲಿಬ್ ಬಿಕ್ರಿಪ್ಟ್‌ಗೆ ‘ಟ್ರಂಕೇಟ್ ಎರರ್’ ಎಂಬ ಆಯ್ಕೆ ಕೊಟ್ಟಿದೆ. ತಾನಾಗಿ ಅದು ಆಫ್ ಇರುತ್ತದೆ, ಅಂದರೆ ಉದ್ದದ ಪಾಸ್‌ವರ್ಡನ್ನು ಕತ್ತರಿಸಿಯೇ ಸ್ವೀಕರಿಸುತ್ತೇನೆ ಎಂದು ಬಳಕೆದಾರರಿಗೆ ಕೊಟ್ಟ ಮಾತು. ಆನ್ ಮಾಡಿದರೂ ಅದು ತಡೆಯುವುದು ಹೊಸ ಹ್ಯಾಶ್ ಮಾಡುವಾಗ ಮಾತ್ರ, ವೆರಿಫೈ ಮಾಡುವಾಗ ಅಲ್ಲ. ಹಳೆಯ ಉದ್ದ ಪಾಸ್‌ವರ್ಡಿನವರು ಬೀದಿಗೆ ಬೀಳಬಾರದಲ್ಲ. ಮೊದಲ ಎರಡು ದಾರಿಗಳಲ್ಲಿ ಬ್ಯಾಕೆಂಡ್ ಲೋಡ್ ಆಗುತ್ತದೆ, ಆದರೆ ‘ಮಳೆ ಬಂತು’ ವಾಕ್ಯದವರು ವೆರಿಫೈ ಮಾಡಲು ಬಂದಾಗ ನಿಜವಾದ ವ್ಯಾಲ್ಯೂಎರರ್ ಬೀಳುತ್ತದೆ. ನೂರರಲ್ಲಿ ಒಬ್ಬರಿಗೆ ಮಾತ್ರ ಬರುವ ಇಂಥ ತೊಂದರೆಯನ್ನು ಹುಡುಕುವುದು ಎಲ್ಲರಿಗೂ ಬರುವ ತೊಂದರೆಗಿಂತ ಹತ್ತು ಪಾಲು ಕಷ್ಟ.

ಮೂರನೆಯದೇ ಸರಿಯಾದ ಜಾಗ. ಕೊಟ್ಟ ಮಾತನ್ನು ಈಗ ಕೆಳಗಿನ ಪ್ಯಾಕೇಜ್ ಉಳಿಸುತ್ತಿಲ್ಲ, ಹಾಗಾದರೆ ಅದನ್ನು ಕರೆಯುವ ಪಾಸ್‌ಲಿಬ್‌ನ ಅಡಾಪ್ಟರ್ ಕೋಡ್ ಉಳಿಸಲಿ. ಇದರಿಂದ 255 ಬೈಟಿನ ಪರೀಕ್ಷೆಯೂ ತಾನಾಗಿ ಪಾಸಾಗುತ್ತದೆ. ಕತ್ತರಿಸಿದ 72 ಬೈಟಿನ ಹ್ಯಾಶ್ ಆ ಸರಿಯಾದ ಉತ್ತರಕ್ಕೇ ಹೊಂದುತ್ತದೆ. ಪರೀಕ್ಷೆ ಆಗ ಏನನ್ನೂ ಹಿಡಿಯದು ಎಂಬುದು ನಿಜ. ಅದಕ್ಕೆ ಬೆಲೆ ಕಟ್ಟಬೇಕಿಲ್ಲ: ಆ ದೋಷ 72ಕ್ಕಿಂತ ಉದ್ದದ ಇನ್‌ಪುಟ್‌ನಲ್ಲಿ ಮಾತ್ರ ಬರುವಂಥದ್ದು, ಅಂಥ ಇನ್‌ಪುಟ್ ಇನ್ನು ಕೆಳಕ್ಕೆ ಹೋಗುವುದೇ ಇಲ್ಲ.

ಉಳಿದವು ಸಣ್ಣ ಕೆಲಸ. ಆವೃತ್ತಿಯನ್ನು ‘ಅಬೌಟ್’ ಬದಲು ಪೈಥಾನಿನ ಇಂಪೋರ್ಟ್‌ಲಿಬ್ ಮೆಟಾಡೇಟಾದಿಂದ ಓದಬೇಕು. ಆರ್ಗಾನ್2 ಎಂಬ ಇನ್ನೊಂದು ಹ್ಯಾಶ್ ವಿಧಾನದ ಬ್ಯಾಕೆಂಡಿನಲ್ಲೂ ಅದೇ ಕಥೆ: ಆರ್ಗಾನ್2-ಸಿಎಫ್‌ಎಫ್‌ಐ ಮಾಡ್ಯೂಲಿನ ಮೇಲೆ ನೇರವಾಗಿ ಆವೃತ್ತಿ ಕೇಳಿದರೆ ಡಿಪ್ರಿಕೇಶನ್ (ಇದನ್ನು ಬಳಸಬೇಡಿ, ಮುಂದೆ ತೆಗೆಯುತ್ತೇವೆ ಎಂಬ) ಎಚ್ಚರಿಕೆ ಬರುತ್ತದೆ.

ಪೈಥಾನಿನ ಜೊತೆಗೇ ಬರುತ್ತಿದ್ದ ಹ್ಯಾಶ್ ಮಾಡುವ ‘ಕ್ರಿಪ್ಟ್’ ಮಾಡ್ಯೂಲ್ ಸ್ವಲ್ಪ ಗಮನ ಬೇಡುತ್ತದೆ. ಪೈಥಾನ್ 3.11ರಲ್ಲಿ ಅದನ್ನು ಡಿಪ್ರಿಕೇಟ್ ಮಾಡಿ, 2024ರ ಅಕ್ಟೋಬರ್‌ನ 3.13ರಲ್ಲಿ ತೆಗೆದುಹಾಕಿದರು. ಪಾಸ್‌ಲಿಬ್ ಅದನ್ನು ಇಂಪೋರ್ಟ್ ಮಾಡುವಾಗ ಇಂಪೋರ್ಟ್‌ಎರರನ್ನು ಹಿಡಿಯುತ್ತದೆ. ಹಾಗಾಗಿ 3.13ರಲ್ಲಿ ಮುರಿಯುವುದಿಲ್ಲ. ವಿಚಿತ್ರವೆಂದರೆ 3.11 ಮತ್ತು 3.12ರಲ್ಲಿ ಮುರಿಯಬಹುದು: ಟೆಸ್ಟ್‌ಗಳಲ್ಲಿ ಎಚ್ಚರಿಕೆಗಳನ್ನು ಎರರ್ ಮಾಡುವ ಸೆಟ್ಟಿಂಗ್ ಇದ್ದರೆ ಬರುವುದು ಡಿಪ್ರಿಕೇಶನ್‌ವಾರ್ನಿಂಗ್, ಇಂಪೋರ್ಟ್‌ಎರರ್ ಅಲ್ಲ, ಅದು ಹಿಡಿತಕ್ಕೆ ಸಿಗದೆ ಪಾಸ್‌ಲಿಬ್ ಇಂಪೋರ್ಟೇ ಬೀಳುತ್ತದೆ. 3.13ರಲ್ಲಿ ಕಾಣುವ ತೊಂದರೆ ವೇಗದ್ದು. ಎಸ್‌ಎಚ್‌ಎ512-ಕ್ರಿಪ್ಟ್ ಬಳಸುವವರಿಗೆ ಆಪರೇಟಿಂಗ್ ಸಿಸ್ಟಮಿನ ಸಿ ಕೋಡ್ ಸಿಗದೆ ಲೆಕ್ಕ ಶುದ್ಧ ಪೈಥಾನಿಗೆ ಬೀಳುತ್ತದೆ, ಪಾಸ್‌ಲಿಬ್‌ನ ಸಹಜ ಸುತ್ತುಗಳು 6,56,000. ಬಿಕ್ರಿಪ್ಟ್ ಮಾತ್ರ ಬಳಸುವವರಿಗೆ ಇದು ಮುಟ್ಟುವುದಿಲ್ಲ.

ಈ ಬಗೆಯ ರಿಪೇರಿಗಳನ್ನು ಹೊತ್ತ ಫೋರ್ಕ್ (ಪಾಸ್‌ಲಿಬ್ ಕೋಡಿನಿಂದ ಕವಲೊಡೆದ ಬೇರೆ ಪ್ರಾಜೆಕ್ಟ್) ‘ಲಿಬ್‌ಪಾಸ್’ ಎಂಬ ಹೆಸರಿನಲ್ಲಿ ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪೈಪಿಐನಲ್ಲಿದೆ. ಇನ್‌ಸ್ಟಾಲ್ ಮಾಡುವ ಹೆಸರು ಬೇರೆ, ಕೋಡಿನಲ್ಲಿ ಇಂಪೋರ್ಟ್ ಮಾಡುವ ಹೆಸರು ಮಾತ್ರ ಪಾಸ್‌ಲಿಬ್ ಎಂದೇ. ಅನುಕೂಲವೂ ಅದೇ, ಅಪಾಯವೂ ಅದೇ. ಬೇರೆ ಯಾವುದೋ ಪ್ಯಾಕೇಜ್ ಹಳೆಯ ಪಾಸ್‌ಲಿಬ್ ಕೇಳಿದರೆ ಎರಡೂ ಒಂದೇ ಫೋಲ್ಡರಿನಲ್ಲಿ ಇಳಿದು ಒಂದರ ಫೈಲನ್ನು ಇನ್ನೊಂದು ತುಳಿಯುತ್ತವೆ. ಯಾವುದು ಗೆದ್ದಿತು ಎಂಬುದು ಇನ್‌ಸ್ಟಾಲ್ ಆದ ಕ್ರಮದ ಮೇಲೆ. ಆಮೇಲೆ ಒಂದನ್ನು ತೆಗೆದರೆ ಇನ್ನೊಂದರ ಫೈಲ್‌ಗಳೂ ಅಳಿಸಿಹೋಗುತ್ತವೆ. ಫೋರ್ಕಿಗೆ ಹೋಗುವ ಮೊದಲು ಡಿಪೆಂಡೆನ್ಸಿ ಮರವನ್ನು ಪೂರ್ತಿ ನೋಡಿ, ಹಳೆಯದನ್ನು ಮೊದಲು ತೆಗೆದು, ಆಮೇಲೆ ಹೊಸದನ್ನು ಹಾಕಬೇಕು.

ಟೆಸ್ಟಿನಲ್ಲಿ ಇರಲೇಬೇಕಾದ್ದು: 71, 72, 73, 255, 256 ಬೈಟಿನ ಪಾಸ್‌ವರ್ಡುಗಳು, ಇಂಗ್ಲಿಷಿನಲ್ಲೊಮ್ಮೆ, ಮೂರು ಬೈಟಿನ ಲಿಪಿಯಲ್ಲೊಮ್ಮೆ. ಅದರಲ್ಲೂ ಗೆರೆ ಅಕ್ಷರದ ನಡುವೆ ಬೀಳುವಂಥವು. ಬಿಕ್ರಿಪ್ಟ್ 3.2.2, 4.0.1, 4.3.0, 5.0.0 ನಾಲ್ಕರಲ್ಲೂ ಓಡಿಸಬೇಕು. ಆಯಾ ಆವೃತ್ತಿಯಲ್ಲಿ ಮಾಡಿ ಫೈಲಿನಲ್ಲಿ ಇಟ್ಟ ಹ್ಯಾಶ್‌ಗಳನ್ನು ಉಳಿದ ಆವೃತ್ತಿಗಳಲ್ಲಿ ವೆರಿಫೈ ಮಾಡಬೇಕು, ಆಗಲೇ ಮಾಡಿ ಆಗಲೇ ವೆರಿಫೈ ಮಾಡುವ ಟೆಸ್ಟ್ ಇಂಥದ್ದನ್ನು ಹಿಡಿಯುವುದಿಲ್ಲ. ವೆಚ್ಚ 4 ಇಟ್ಟರೆ ಕ್ಷಣದಲ್ಲಿ ಮುಗಿಯುತ್ತದೆ. ಮತ್ತು ಕೋಡ್ ಬದಲಾಗದಿದ್ದರೂ ವಾರಕ್ಕೊಮ್ಮೆ ಎಲ್ಲ ಡಿಪೆಂಡೆನ್ಸಿಗಳ ಹೊಚ್ಚಹೊಸ ಆವೃತ್ತಿ ಹಾಕಿ ಓಡಿಸುವ ಒಂದು ಜಾಬ್. ಪಾಸ್‌ಲಿಬ್ ಬಿದ್ದ ದಿನ ಅದರ ಕೋಡಿನಲ್ಲಿ ಯಾವ ಕಮಿಟ್ಟೂ ಆಗಿರಲಿಲ್ಲ.

ಸೇವೆ ನಡೆಸುವವರ ಸರದಿ

ತಕ್ಷಣಕ್ಕೆ: ಬಿಕ್ರಿಪ್ಟನ್ನು 5ಕ್ಕಿಂತ ಕೆಳಗೆ ಲಾಕ್ ಮಾಡಿ, ಮತ್ತೆ ಬಿಲ್ಡ್ ಮಾಡಿ. ಲಾಗಿನ್ ಮರಳಿ ಬರುತ್ತದೆ. ಹಳೆಯ ಟ್ರೇಸ್‌ಬ್ಯಾಕ್ ಲಾಗಿನಲ್ಲಿ ಕಾಣಬಾರದು ಎಂದರೆ 4.0.1. ಇದರ ಜೊತೆಗೆ ಸರ್ವರ್ ಏಳುವಾಗಲೇ ಒಂದು ಹುಸಿ ಪಾಸ್‌ವರ್ಡನ್ನು ಹ್ಯಾಶ್ ಮಾಡಿ ವೆರಿಫೈ ಮಾಡುವ ಒಂದು ಸಾಲು ಹಾಕಿ. ಬ್ಯಾಕೆಂಡ್ ಕೆಟ್ಟಿದ್ದರೆ ಹೆಲ್ತ್ ಚೆಕ್‌ಗೆ ಮುಂಚೆಯೇ ಸರ್ವರ್ ನಿಲ್ಲುತ್ತದೆ, ಹಳೆಯ ಇಮೇಜ್ ಕೆಲಸ ಮುಂದುವರಿಸುತ್ತದೆ.

ದೂರದ ಪರಿಹಾರ ಆರ್ಗಾನ್2ರ ಒಂದು ಬಗೆಯಾದ ಆರ್ಗಾನ್2ಐಡಿ. ಅದಕ್ಕೆ 72ರ ಗೆರೆ ಇಲ್ಲ. ಅಮೆರಿಕದ ನಿಸ್ಟ್ ಸಂಸ್ಥೆಯ 800-63ಬಿ ಮಾರ್ಗಸೂಚಿ ಕನಿಷ್ಠ 64 ಅಕ್ಷರದವರೆಗಿನ ಪಾಸ್‌ವರ್ಡನ್ನು ಒಪ್ಪಬೇಕು, ಒಂದು ಕೋಡ್‌ಪಾಯಿಂಟನ್ನು ಒಂದು ಅಕ್ಷರ ಎಂದು ಎಣಿಸಬೇಕು ಎನ್ನುತ್ತದೆ. ಕನ್ನಡದ 64 ಎಂದರೆ 192 ಬೈಟ್, ಬರೀ ಬಿಕ್ರಿಪ್ಟ್ ಅದನ್ನು ಹೊರಲಾರದು. ಫಾಸ್ಟ್‌ಎಪಿಐನ ಪಾಠದಲ್ಲೂ ಈಗ ಪಾಸ್‌ಲಿಬ್ ಹೋಗಿ ಪಿಡಬ್ಲ್ಯುಡಿಲಿಬ್ ಎಂಬ ಲೈಬ್ರರಿ ಮತ್ತು ಆರ್ಗಾನ್2 ಬಂದಿವೆ. ಪಿಡಬ್ಲ್ಯುಡಿಲಿಬ್‌ನಲ್ಲಿ ಆರ್ಗಾನ್2 ಮೊದಲು, ಬಿಕ್ರಿಪ್ಟ್ ಎರಡನೆಯದು ಎಂದು ಪಟ್ಟಿ ಕೊಟ್ಟರೆ, ಹಳೆಯ ಹ್ಯಾಶನ್ನು ವೆರಿಫೈ ಮಾಡಿ ಹೊಸದನ್ನು ಕೈಗೆ ಕೊಡುತ್ತದೆ.

ಬದಲಿಸುವ ಮೊದಲು ಡೇಟಾಬೇಸ್ ನೋಡಿ. ಬಿಕ್ರಿಪ್ಟ್ ಹ್ಯಾಶ್ ಯಾವಾಗಲೂ 60 ಅಕ್ಷರ, ಎಷ್ಟೋ ಕಡೆ ಕಾಲಂ ಅಗಲವೂ 60 ಎಂದೇ ಇಟ್ಟಿರುತ್ತಾರೆ. ಆರ್ಗಾನ್2-ಸಿಎಫ್‌ಎಫ್‌ಐನ ಸಹಜ ಸೆಟ್ಟಿಂಗಿನ ಹ್ಯಾಶ್ 97 ಅಕ್ಷರ. ಸ್ಟ್ರಿಕ್ಟ್ ಮೋಡ್ ಇಲ್ಲದ ಮೈಎಸ್‌ಕ್ಯೂಎಲ್ ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತದೆ, ಆ ಬಳಕೆದಾರ ಮತ್ತೆಂದೂ ಲಾಗಿನ್ ಆಗಲಾರ. ಕಾಲಮನ್ನು 255 ಮಾಡಿ. ಮೆಮೊರಿಯನ್ನೂ ಲೆಕ್ಕ ಹಾಕಿ: ಆ ಸಹಜ ಸೆಟ್ಟಿಂಗಿನಲ್ಲಿ ಒಂದು ಹ್ಯಾಶಿಗೆ 64 ಎಂಐಬಿ (ಮೆಬಿಬೈಟ್) ಬೇಕು. ಒಂದೇ ಹೊತ್ತಿಗೆ 20 ಲಾಗಿನ್ ಬಂದರೆ 1280 ಎಂಐಬಿ. 512 ಎಂಐಬಿಯ ಕಂಟೇನರ್ ಮೆಮೊರಿ ಸಾಲದೆ ಸಾಯುತ್ತದೆ. ವೆಬ್ ಸುರಕ್ಷತೆಯ ಸಂಸ್ಥೆ ಓವಾಸ್ಪ್ ಹೇಳುವ 19 ಎಂಐಬಿ, 2 ಸುತ್ತು, 1 ಸಮಾಂತರ ಎಂಬ ಅಳತೆ ಚಿಕ್ಕ ಸರ್ವರಿಗೆ ತಕ್ಕದ್ದು. ಪಾಸ್‌ವರ್ಡಿನ ಉದ್ದಕ್ಕೂ ಒಂದು ಮೇಲ್ಮಿತಿ ಇರಲಿ, 1024 ಬೈಟ್ ಎಂದಿಟ್ಟರೆ ಯಾರಿಗೂ ಇಕ್ಕಟ್ಟಾಗದು.

ಬಿಕ್ರಿಪ್ಟನ್ನೇ ಉಳಿಸಿಕೊಳ್ಳಬೇಕಾದವರು ಪಾಸ್‌ವರ್ಡನ್ನು ಮೊದಲು ಎಸ್‌ಎಚ್‌ಎ-256 ಎಂಬ ವೇಗದ ಹ್ಯಾಶ್ ಮಾಡಿ ಆಮೇಲೆ ಬಿಕ್ರಿಪ್ಟ್‌ಗೆ ಕೊಡುತ್ತಾರೆ. ಆ 32 ಬೈಟನ್ನು ಹಸಿಯಾಗಿ ಕೊಡಬಾರದು. ಅದರಲ್ಲಿ ಸೊನ್ನೆ ಬೈಟ್ ಇರಬಹುದು, ಸಿ ಭಾಷೆಯ ಅಳವಡಿಕೆಗಳು ಅಲ್ಲಿಗೇ ಓದು ನಿಲ್ಲಿಸುತ್ತವೆ. 256ರಲ್ಲಿ ಒಂದು ಪಾಲು ಪಾಸ್‌ವರ್ಡುಗಳಲ್ಲಿ ಮೊದಲ ಬೈಟೇ ಸೊನ್ನೆ, ಅಂದರೆ ಅವೆಲ್ಲ ಖಾಲಿ ಪಾಸ್‌ವರ್ಡಿಗೆ ಸಮ. ಪೈಥಾನ್ ವೆಬ್ ಚೌಕಟ್ಟಾದ ಜಾಂಗೊ ಇದನ್ನು ಹೆಕ್ಸ್ ಮಾಡಿ 64 ಬೈಟಾಗಿ ಕೊಡುತ್ತದೆ, ಪಾಸ್‌ಲಿಬ್‌ನ ಬಿಕ್ರಿಪ್ಟ್-ಎಸ್‌ಎಚ್‌ಎ256 ಬೇಸ್64 ಮಾಡಿ 44 ಬೈಟಾಗಿ. ಎರಡೂ 72ರ ಒಳಗೆ. ಜಾಂಗೊದ ಬಿಕ್ರಿಪ್ಟ್-ಎಸ್‌ಎಚ್‌ಎ256 ಬಳಸುವವರಿಗೆ 5.0.0 ಬಂದದ್ದೇ ಗೊತ್ತಾಗದಿರಲು ಕಾರಣ ಇದು.

ಹಳೆಯ ಬಿಕ್ರಿಪ್ಟ್ ಹ್ಯಾಶ್ ಇರುವವರೆಗೂ ವೆರಿಫೈ ದಾರಿಯಲ್ಲಿ 72 ಬೈಟಿನ ಕತ್ತರಿ ಇರಲೇಬೇಕು. ಅದು ದೌರ್ಬಲ್ಯ ಎಂದು ಕಂಡು ತೆಗೆದುಬಿಡುವ ಆಸೆಯಾಗುತ್ತದೆ, ತೆಗೆದರೆ ಉದ್ದ ಪಾಸ್‌ವರ್ಡಿನವರೇ ಹೊರಗುಳಿಯುತ್ತಾರೆ. ವೆರಿಫೈ ಆದ ಕೂಡಲೇ ಬಳಕೆದಾರ ಟೈಪ್ ಮಾಡಿದ ಪೂರ್ತಿ ಪಾಸ್‌ವರ್ಡನ್ನು, ಕತ್ತರಿಸಿದ್ದನ್ನಲ್ಲ, ಆರ್ಗಾನ್2ರಲ್ಲಿ ಹ್ಯಾಶ್ ಮಾಡಿ ಉಳಿಸಿ. ಇಲ್ಲೊಂದು ಸೂಕ್ಷ್ಮವಿದೆ. ಇಷ್ಟು ದಿನ ‘ಹಾರಿತು’ ಬದಲು ‘ಹಾರಿತ’ ಎಂದು ತಪ್ಪಾಗಿ ಬರೆದರೂ ಒಳಗೆ ಬರುತ್ತಿದ್ದವರು ಅಂದು ತಪ್ಪಾಗಿ ಬರೆದದ್ದೇ ಹೊಸ ಹ್ಯಾಶ್ ಆಗಿಬಿಡುತ್ತದೆ. ಮಾರನೇ ದಿನ ಸರಿಯಾಗಿ ಬರೆದರೆ ಬಾಗಿಲು ತೆರೆಯದು. ಆದ್ದರಿಂದ 72 ಬೈಟ್ ಮೀರಿದ ಪಾಸ್‌ವರ್ಡಿನವರಿಗೆ ಮಾತ್ರ ಹ್ಯಾಶನ್ನು ಸದ್ದಿಲ್ಲದೆ ಬದಲಿಸದೆ, ಲಾಗಿನ್ ಆದ ಮೇಲೆ ಪಾಸ್‌ವರ್ಡನ್ನು ಎರಡು ಸಲ ಬರೆಸಿ ಹೊಸದಾಗಿ ಹೊಂದಿಸುವುದು ಉತ್ತಮ.

ತಿಂಗಳಿಗೊಮ್ಮೆ ಟೇಬಲಿನಲ್ಲಿ 2ಎ, 2ಬಿ, 2ವೈ ಮುಂಗುರುತಿನ ಹ್ಯಾಶ್ ಎಷ್ಟು ಉಳಿದಿವೆ ಎಂದು ಎಣಿಸಿ. ಲಾಗಿನ್ ಆಗದವರ ಹ್ಯಾಶ್ ತಾನಾಗಿ ಬದಲಾಗುವುದಿಲ್ಲ. ನಿಗದಿತ ಅವಧಿ ಕಳೆದ ಮೇಲೆ ಅಂಥ ಹ್ಯಾಶ್ ಅಳಿಸಿ, ಮರಳಿ ಬಂದವರನ್ನು ಪಾಸ್‌ವರ್ಡ್ ರಿಸೆಟ್‌ಗೆ ಕಳಿಸಬೇಕು. ಎಣಿಕೆ ಸೊನ್ನೆಯಾದ ದಿನ ಕತ್ತರಿಯ ಸಾಲನ್ನೂ ರಿಕ್ವೈರ್‌ಮೆಂಟ್ಸ್ ಫೈಲಿನ ಬಿಕ್ರಿಪ್ಟ್ ಸಾಲನ್ನೂ ಒಂದೇ ಕಮಿಟ್‌ನಲ್ಲಿ ತೆಗೆಯಬಹುದು.